ಜರಡಿಯಲ್ಲಿ ಉಳಿದದ್ದು

"ಜರಡಿಯ ಕಸಾನ ಪರೀಕ್ಷೆಗೆ ಇಟ್ಟಿದ್ಯಾರು?" ಎಂದು ನೀರು ಪರೀಕ್ಷೆಯ ಲ್ಯಾಬಿನ ದೊಡ್ಡ ಸಾರ್ ಕೇಳಿದಾಗ ಅವಳು ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ನಾನೇ ಸಾರ್."

"ಹನ್ನೊಂದು ವರ್ಷ ಆಯ್ತಲ್ಲಮ್ಮ ಈ ಲ್ಯಾಬಿಗೆ ಬಂದು. ಈಗ ಅ ಆ ಇ ಈ ಮರೆತುಹೋಯ್ತಾ?"

ಮರೆತಿರಲಿಲ್ಲ. ಊರ ಟ್ಯಾಂಕಿನ ನೀರು ಬಂದರೆ ಮೊದಲು ಜರಡಿ ಹಿಡಿಯಬೇಕು, ಕಸ ಚೆಲ್ಲಬೇಕು, ತಿಳಿನೀರನ್ನಷ್ಟೇ ಪರೀಕ್ಷಿಸಬೇಕು. ಕೆಲಸ ಕಲಿಸಿದವರು ಹಾಗೆಂದೇ ಹೇಳಿಕೊಟ್ಟಿದ್ದರು. ಪ್ರತಿ ತಿಂಗಳೂ ನೀರು ಪಾಸಾಗುತ್ತಿತ್ತು. ಮೊನ್ನೆ ಮಾತ್ರ ಜರಡಿಯಲ್ಲಿ ಉಳಿದ ನೀಲಿ ಚೂರುಗಳು ಕೈಗವಸಿನ ಬೆರಳಿಗೂ ಲೋಳೆ ಎನಿಸಿದ್ದವು. ಟ್ಯಾಂಕಿನ ಒಳಗಿನ ಪ್ಲಾಸ್ಟಿಕ್ ಹಾಳೆ ಸವೆದು ಉದುರಿದವು, ಸಾಸಿವೆಗಿಂತ ಸಣ್ಣವು. ಚೆಲ್ಲಲು ಮನಸ್ಸಾಗದೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಗಾಜಿನ ತಟ್ಟೆಗೆ ಹಾಕಿದ್ದಳು.

ಈಗ ಒಂದೊಂದು ಚೂರಿನ ಸುತ್ತಲೂ ಕೆನೆಗಟ್ಟಿದಂತೆ ಬ್ಯಾಕ್ಟೀರಿಯಾ ಬೆಳೆದಿತ್ತು. ಅದನ್ನೇ ತೆಗೆದು ಬೇರೆ ತಟ್ಟೆಯಲ್ಲಿ ಆರು ಔಷಧಿಯ ಬಿಲ್ಲೆ ಇಟ್ಟು ನೋಡಿದ್ದಳು. ಸಾಯಿಸುವ ಔಷಧಿಯಾದರೆ ಬಿಲ್ಲೆಯ ಸುತ್ತ ಖಾಲಿ ಬಳೆ ಮೂಡಬೇಕು. ಮೂಡಿದ್ದು ಒಂದಕ್ಕೇ. ಹೋದ ವಾರ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲೂ ಹೀಗೆಯೇ ಇತ್ತು. ಆ ಕಾಗದದ ಮೇಲೆ ಅವಳ ಎಂಟು ವರ್ಷದ ಮಗಳ ಹೆಸರಿತ್ತು. ಮೂರನೇ ಸಲ ಮೂತ್ರದ ಸೋಂಕು, ಚಳಿಜ್ವರ. ಮಾತ್ರೆ ಯಾವುದೂ ನಾಟಲಿಲ್ಲ, ಉಳಿದದ್ದು ದಿನಕ್ಕೆರಡು ಇಂಜೆಕ್ಷನ್.

"ಮಗಳ ಕಾಯಿಲೆಗೂ ಟ್ಯಾಂಕಿಗೂ ಗಂಟು ಹಾಕ್ಬೇಡಿ," ಎಂದರು ಸಾರ್.

"ಹಾಕ್ತಿಲ್ಲ ಸಾರ್. ಅದಕ್ಕೆ ಇನ್ನೂ ಪರೀಕ್ಷೆ ಆಗ್ಬೇಕು. ಆದ್ರೆ ಜನ ಕುಡಿಯೋದು ಒಂದು ನೀರು, ನಾವು ಪಾಸ್ ಮಾಡೋದು ಇನ್ನೊಂದು."

"ಫಾರಂನಲ್ಲಿ ಕಸಕ್ಕೆ ಕಾಲಂ ಇಲ್ಲಮ್ಮ."

"ಪಾಪ, ಕಸಕ್ಕೆ ಅದು ಗೊತ್ತಿಲ್ಲ ಸಾರ್."

ಸಾರ್ ನಗಲಿಲ್ಲ. 'ಕುಡಿಯಲು ಯೋಗ್ಯ' ಎಂದು ಅಚ್ಚಾಗಿದ್ದ ಫಾರಂ ಮುಂದೆ ತಳ್ಳಿದರು. ಅವಳು ಪೆನ್ನು ತೆಗೆದು ಅದರ ಕೆಳಗೆ 'ಸೋಸಿದ ನೀರು ಮಾತ್ರ' ಎಂದು ಬರೆದಳು. ಅವರು ಫಾರಂ ಹರಿದು ಬುಟ್ಟಿಗೆ ಹಾಕಿ, ಹೊಸದೊಂದಕ್ಕೆ ತಾವೇ ಸಹಿ ಹಾಕಿಕೊಂಡು ಎದ್ದುಹೋದರು. ಅಷ್ಟೇ. ಜಗಳವಾಡಲೂ ಎದುರಿಗೆ ಯಾರೂ ಇರಲಿಲ್ಲ.

ಮನೆಗೆ ಬಂದರೆ ಅತ್ತೆ ನಲ್ಲಿಯ ಹತ್ತಿರ ಕಾಯುತ್ತಿದ್ದರು. "ನೋಡೇ, ನಲ್ಲಿಗೆ ಎರಡು ಪದರ ಬಟ್ಟೆ ಕಟ್ಟಿದ್ದೀನಿ. ಮೂರೇ ದಿನಕ್ಕೆ ನೀರು ಕನ್ನಡಿ ಥರ ಆಗಿದೆ. ನಿನ್ನ ಲ್ಯಾಬು ಯಾತಕ್ಕೆ ಬೇಕು?"

"ನೀವೇ ನಮ್ಮ ಸಾರ್ ಜಾಗಕ್ಕೆ ಬನ್ನಿ ಅತ್ತೆ," ಎಂದು ಅವಳು ಬಟ್ಟೆ ಬಿಚ್ಚಿದಳು. ಪದರದೊಳಗೆ ನೀಲಿ ಚೂರುಗಳು ಜಾರುತ್ತಿದ್ದವು.

ಅವಳು ಒಲೆಯ ಮೇಲೆ ನೀರಿಟ್ಟಳು. ಲ್ಯಾಬಿಗೆ ಒಯ್ಯಲು ಬ್ಯಾಗಿನಿಂದ ಖಾಲಿ ಬಾಟಲಿ ತೆಗೆದು, ಬಟ್ಟೆಯನ್ನು ಹಾಗೇ ಒಳಗಿಳಿಸಿ ಮುಚ್ಚಳ ಬಿಗಿದಳು. ಬಾಟಲಿಯ ಚೀಟಿಯ ಮೇಲೆ ತಾರೀಖು ಬರೆದು ಕೆಳಗೆ ಸಹಿ ಹಾಕಿದಳು, ಪೂರ್ತಿ ಹೆಸರಿನಲ್ಲಿ.

"ಅಮ್ಮಾ, ಬಾಯಾರಿಕೆ," ಎಂದಳು ಮಗಳು, ಇಂಜೆಕ್ಷನ್ ಪಟ್ಟಿ ಅಂಟಿದ್ದ ಕೈಯಲ್ಲಿ ಲೋಟ ಹಿಡಿದು.

"ಕುದೀಲಿ ಚಿನ್ನ. ಆಮೇಲೆ ಆರ್ಬೇಕಲ್ಲ."

ಮಗಳು ಖಾಲಿ ಲೋಟವನ್ನು ಒಲೆಯ ಪಕ್ಕದಲ್ಲಿಟ್ಟು, ಪಾತ್ರೆಯ ತಳದಿಂದ ಮೊದಲ ಗುಳ್ಳೆ ಏಳುವುದನ್ನೇ ನೋಡುತ್ತ ನಿಂತಳು.