ಮೂರು ಬೈಬಲ್, ಒಂದು ವಚನ

"ಕೈ ತೆಗೆ ಮೌರಿಸ್!" ಸಿಸಿಲಿಯಾ ಮೈದುನನ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡರು. ಚಾವಡಿಯಲ್ಲಿ ಗಂಡ ಪಾಸ್ಕಲ್ ಶವಪೆಟ್ಟಿಗೆಯಲ್ಲಿ ಮಲಗಿದ್ದರು. ಹನ್ನೊಂದು ವರ್ಷ ಕಾಪುವಿನ ಈ ಮನೆಯ ಮೆಟ್ಟಿಲು ಹತ್ತದವನು ಇವತ್ತು ಬೆಳಿಗ್ಗೆ ಏಳಕ್ಕೇ ಕಾರ್ಕಳದಿಂದ ಬಂದು ಸತ್ತವರ ಮೇಜು ತಡಕುತ್ತಿದ್ದಾನೆ. ಎಂತಕ್ಕೆ?

"ಜಪಸರ ಹುಡುಕಿದ್ದು ಅತ್ತಿಗೆ, ಅಣ್ಣನ ಕೈಗೆ ಸುತ್ತಲಿಕ್ಕೆ. ಇದರಲ್ಲಿ ನನ್ನ ಹೆಸರು ಉಂಟಲ್ವಾ? ಕೆಳಗೆ ಇಂಗ್ಲಿಷಿನಲ್ಲಿ ತಪ್ಪು ಮಾಡಿದ ಸೋದರನ ಬಗ್ಗೆ ಒಂದೇ ವಚನ ಮೂರು ಸಲ. ಪಾದ್ರಿಗಳಿಗೆ ನನ್ನ ಮೇಲೆ ದೂರಾ?"

"ದೂರಾದರೆ ತಪ್ಪೆಂತ?"

ಹನ್ನೊಂದು ವರ್ಷದ ಹಿಂದೆ ಅತ್ತೆ ತೀರಿದಾಗ ಪಾಸ್ಕಲ್ ಕುವೈತಿನಲ್ಲಿದ್ದರು. ವಿಮಾನ ತಡ, ಎರಡು ಗಂಟೆ ಕಾಯಿರಿ ಎಂದು ಫೋನಿನಲ್ಲಿ ಅಂಗಲಾಚಿದರು. ಮೌರಿಸ್ ಕಾಯಲಿಲ್ಲ. ಅಣ್ಣ ಸೂಟ್‌ಕೇಸ್ ಸಮೇತ ಸ್ಮಶಾನಕ್ಕೆ ಓಡಿ ಬಂದಾಗ ಮಣ್ಣು ಮುಚ್ಚಿ ಆಗಿತ್ತು. ಅಲ್ಲಿಗೆ ಮಾತು ನಿಂತಿತು.

ಇವತ್ತು ಮಗಳು ಕ್ಯಾರೆನ್ ದುಬೈಯಿಂದ ಬರಬೇಕು. ನಾಲ್ಕಕ್ಕೆ ಇಗರ್ಜಿಯಲ್ಲಿ ಶವಸಂಸ್ಕಾರದ ಪೂಜೆ. ಅವಳ ವಿಮಾನವೂ ತಡ. ಹಾಳಾದ ವಿಮಾನಗಳು!

*

ಹೋದ ವರ್ಷ ಈಸ್ಟರಿಗೆ ಮೊದಲು ಪಾಸ್ಕಲ್ ದಿನಾ ಮೂರು ಇಂಗ್ಲಿಷ್ ಬೈಬಲ್ ಹರಡಿ ಕೂರುತ್ತಿದ್ದರು. ಹೆಂಡತಿ ಬಂದ ಕೂಡಲೇ ನೋಟ್‌ಬುಕ್ ಮುಚ್ಚುವುದು. ಎಂತ ಗುಟ್ಟೋ! ಸಂಶಯ ತಡೆಯಲಾರದೆ ಸಿಸಿಲಿಯಾ ಕೇಳಿಯೇ ಬಿಟ್ಟರು.

"ಮತ್ತಾಯ ಹದಿನೆಂಟು, ಹದಿನೈದು. ಸೋದರ 'ನಿನಗೆ ವಿರೋಧವಾಗಿ' ತಪ್ಪು ಮಾಡಿದರೆ ಅಂತ ಈ ಹಳೆಯದರಲ್ಲಿ ಉಂಟು. ಹೊಸದರಲ್ಲಿ ತಪ್ಪು ಮಾಡಿದರೆ ಅಂತ ಮಾತ್ರ. ಇದರಲ್ಲಿ ನೋಡು, 'ನಿನಗೆ ವಿರೋಧವಾಗಿ' ಬ್ರಾಕೆಟ್ಟಿನೊಳಗೆ."

"ಅದರಿಂದ ಎಂತ ಆಗಬೇಕು?"

"ಮೌರಿಸ್ ತಪ್ಪು ಮಾಡಿದ್ದು ನನಗಾ, ಅಮ್ಮನಿಗಾ? ಅಮ್ಮನಿಗಾದರೆ ನಾನ್ಯಾಕೆ ಹೋಗಬೇಕು, ಪಾದ್ರಿ ಹೋಗಿ ಹೇಳಲಿ." ಪಾಸ್ಕಲ್ ಕನ್ನಡಕ ತೆಗೆದರು. "ಆದರೆ ಮಾರಾಯ್ತಿ, ಮೂರರಲ್ಲೂ 'ಹೋಗು' ಅಂತಲೇ ಉಂಟು. ಇಬ್ಬರೇ ಇರುವಾಗ ಮಾತಾಡು ಅಂತ."

"ಹಾಗಾದರೆ ಹೋಗಿ."

"ಈಸ್ಟರ್ ಕಳೆಯಲಿ."

ಈಸ್ಟರ್ ಕಳೆಯಿತು, ಕ್ರಿಸ್‌ಮಸ್ಸೂ ಕಳೆಯಿತು. ಅವರು ಕಾರ್ಕಳದ ಬಸ್ಸು ಹತ್ತಲಿಲ್ಲ.

*

ಮೂರೂವರೆಗೆ ಇಗರ್ಜಿಯ ವಾರ್ಡಿನ ಮುಖಂಡ, ಗುರಿಕಾರ ಎಡ್ವಿನ್ ಒಳಗೆ ಬಂದರು. "ಸಿಸಿಲಿಯಾ ಬಾಯಿ, ಪಾದ್ರಿಗಳಿಗೆ ಐದೂವರೆಗೆ ಬೇರೆ ಕಡೆ ಪೂಜೆ ಉಂಟಂತೆ. ಕ್ಯಾರೆನ್ ಈಗಷ್ಟೇ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದದ್ದು, ಇಲ್ಲಿಗೆ ಬರಲು ಗಂಟೆಗಿಂತ ಮೇಲೆ ಬೇಕು. ಇಗರ್ಜಿಗೆ ಹೊರಡುವ ಅಲ್ವಾ?"

ಸಿಸಿಲಿಯಾ ಮೌರಿಸ್‌ಗಾಗಿ ಸುತ್ತ ನೋಡಿದರು. ಅವನಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಪಾದ್ರಿಗಳ ಮನೆಗೆ ಹೋಗಿ ಬಂದಿದ್ದ. ಈ ಅವಸರ ಮಾಡಿಸಿದ್ದು ಇವನೇ ಸೈ! ತಾಯಿಗೆ ಮಾಡಿದ್ದನ್ನೇ ಅಣ್ಣನಿಗೂ ಮಾಡಲು ಬಂದದ್ದು, ಪಾಪಿ!

"ಪೆಟ್ಟಿಗೆಯ ಮುಚ್ಚಳ ಎಲ್ಲಿ ಮಾರಾಯ್ರೆ?" ಎಡ್ವಿನ್ ಕೂಗುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ.

ಸಿಸಿಲಿಯಾ ಹಿತ್ತಲ ಬಾಗಿಲು ದೂಡಿದರು. ಬಾವಿಕಟ್ಟೆಯ ಮೇಲೆ ಮೌರಿಸ್ ಕುಳಿತಿದ್ದ. ಮುಚ್ಚಳ ಅವನ ತೊಡೆಯ ಮೇಲಿತ್ತು.

"ಸ್ವಲ್ಪ ಕಾಯಿರಿ ಅಂತ ಎರಡು ಸಲ ಕೇಳಿಕೊಂಡೆ ಅತ್ತಿಗೆ, ಪಾದ್ರಿಗಳು ಒಪ್ಪಲಿಲ್ಲ. ಮಗಳು ಅಪ್ಪನ ಮುಖ ನೋಡದೆ ನಾನಿದನ್ನು ಕೊಡುವುದಿಲ್ಲ." ಅವನು ಅಳುತ್ತಿದ್ದ.

ಎಡ್ವಿನ್ ಹೆಜ್ಜೆ ಸಪ್ಪಳ ಹತ್ತಿರ ಬಂತು. ಸಿಸಿಲಿಯಾ ಮೌರಿಸ್ ಪಕ್ಕದಲ್ಲಿ ಕುಳಿತು ಮುಚ್ಚಳದ ಇನ್ನೊಂದು ತುದಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು.