ಚಿತ್ರದ ಕಾರ್ಡು ಮತ್ತು ಹಸಿರು ಗೆರೆ

ಎಪ್ಪತ್ತೆಂಟರ ಕಾರ್ತಿಕದಲ್ಲಿ ಮನೆ ಅಳಿಯ ಓಬಣ್ಣನಿಗೆ ಅಂಚೆಯಲ್ಲಿ ಬಂದ ನಾಲ್ಕನೆಯ ಕಾರ್ಡನ್ನು ಕರಿಸಿದ್ದಪ್ಪ ತಿರುವಿ ತಿರುವಿ ನೋಡಿದ. ಗಿಡವಿಲ್ಲ, ದನವಿಲ್ಲ, ಮನುಷ್ಯರ ಮುಖವಿಲ್ಲ. ಕೆಂಪು ತ್ರಿಕೋನ, ಅದರ ಕೆಳಗೆ ಕಪ್ಪು ಗೆರೆ, ಸುತ್ತ ಹಳದಿ ಚೌಕಗಳು.

"ಏನಪ್ಪ ಇದು?"

"ಚಿತ್ರ ಮಾವ. ದೊಡ್ಡ ಕಲಾವಿದರು ಬರೆದಿದ್ದು. ನನ್ ಗೆಳೆಯ ಮುರುಗಪ್ಪ ಬೆಂಗಳೂರಾಗೆ ಇವನ್ನ ಅಚ್ಚು ಹಾಕ್ತಾನೆ. ಚೆನ್ನಾಗಿರೋದನ್ನ ನನಗೊಂದು ಕಳಿಸ್ತಾನೆ."

ಕರಿಸಿದ್ದಪ್ಪ ಕಾರ್ಡನ್ನು ಕಣ್ಣ ಹತ್ತಿರ ಹಿಡಿದ. ಕೆಂಪು ತ್ರಿಕೋನ, ಕೆಳಗೆ ಕಪ್ಪು ಗೆರೆ: ಅದು ಅವನ ಕುರಿಗಳ ಬೆನ್ನಿನ ಗುರುತು. ಯಲ್ಲದಕೆರೆಯ ಯಾವ ಕುರಿಗಾರನನ್ನು ಕೇಳಿದರೂ ಹೇಳುತ್ತಿದ್ದ. ಹೋದ ತಿಂಗಳಷ್ಟೇ ಮೂರು ಕುರಿ ಕಾಣೆಯಾಗಿದ್ದವು. ಈಗ ಅದೇ ಗುರುತು ಬೆಂಗಳೂರಿನ ಕಾಗದದ ಮೇಲೆ! ಈ ಗುರುತಿನ ಕುರಿ ಹೊಡೀರಿ ಅಂತ ಕಳ್ಳರಿಗೆ ಹೇಳಿಕೊಟ್ಟವನು ಇವನಲ್ಲದೆ ಇನ್ಯಾರು? ಕೇಳೋಣವೆಂದರೆ ಒಬ್ಬಳೇ ಮಗಳು ನಿಂಗಕ್ಕ, ತುಂಬು ಬಸುರಿ. ಮಾತು ಹೊರಬಿದ್ದರೆ ಅವಳ ಸಂಸಾರ ಮುರಿಯುತ್ತದೆ. ಮುದುಕ ಬಾಯಿಗೆ ಬೀಗ ಹಾಕಿಕೊಂಡ. ಅಂದಿನಿಂದ ಅಳಿಯ ಕೆಮ್ಮಿದರೂ ಅನುಮಾನ, ಸುಮ್ಮನಿದ್ದರೂ ಅನುಮಾನ.

ಓಬಣ್ಣ ಹಿರಿಯೂರಿಗೆ ಹೋದ ದಿನ, ಕರಿಸಿದ್ದಪ್ಪ ಗುರುತನ್ನೇ ಬದಲಾಯಿಸಲು ಕೂತ. ಐದು ಕುರಿಗಳ ಗುರುತಿನ ಉಣ್ಣೆ ಕತ್ತರಿಸಿ ಹಸಿರು ಪೇಂಟಿನ ಗೆರೆ ಎಳೆಯುವಷ್ಟರಲ್ಲಿ ಗಾಳಿಮಳೆ ಎದ್ದು ಹಿಂಡು ಚೆಲ್ಲಾಪಿಲ್ಲಿಯಾಯಿತು. ಸಂಜೆ ನೋಡಿದರೆ ಆ ಐದೇ ಇಲ್ಲ.

ಮೂರನೆಯ ದಿನ ಹರಿಯಬ್ಬೆಯ ಕುರಿಗಾರ ಜುಂಜಣ್ಣ ಹೇಳಿಕಳಿಸಿದ, ನಿಮ್ಮ ಗುರುತಿನ ಮೂರು ಕುರಿ ನನ್ನ ಹಿಂಡಿನಲ್ಲಿವೆ ಎಂದು. ಮಾವ, ಅಳಿಯ ಇಬ್ಬರೂ ಹೋದರು.

"ತಿಂಗಳಿಂದ ನಮ್ಮಲ್ಲೇ ಅವೆ. ಗುಡ್ಡದಿಂದ ಈಗ ಇಳಿದ್ವಿ, ಅದಕ್ಕೆ ತಡ ಆತು," ಎಂದ ಜುಂಜಣ್ಣ.

ಕರಿಸಿದ್ದಪ್ಪ ಇಂಗು ತಿಂದ ಮಂಗನಂತೆ ನಿಂತ. ಕಳ್ಳತನವೇ ಆಗಿರಲಿಲ್ಲ. ಚಿನ್ನದಂಥ ಹುಡುಗನ ಮೇಲೆ ಮನಸ್ಸಿನಲ್ಲೇ ಎಷ್ಟು ವಿಷ ಕಾರಿದ್ದ!

"ಮೊನ್ನೆ ಗಾಳಿಗೆ ಇನ್ನೂ ಐದು ಬಂದು ಸೇರ್ಯಾವೆ. ಹಸಿರು ಗೆರೆ, ಈ ಸೀಮೆನಾಗೆ ಅಂಥ ಗುರುತು ಯಾರ್ದೂ ಇಲ್ಲ. ನಿಮ್ಮವಾದ್ರೆ, ಗುರುತು ಯಾಕೆ ಬದಲಾಯಿಸಿದ್ರಿ ಅಂತ ಹೇಳಿ ಹೊಡ್ಕಂಡ್ ಹೋಗ್ರಿ," ಎಂದ ಜುಂಜಣ್ಣ.

ಕುರಿಗಾರರ ಕಟ್ಟಳೆಯೇ ಅದು. ಕಾರಣ ಹೇಳದವರಿಗೆ ಕುರಿ ಬಿಡುವಂತಿಲ್ಲ.

ಓಬಣ್ಣ ಬಗ್ಗಿ ನೋಡಿದ. "ಮಾವ, ಇದು ನಮ್ ಮೋಟುಗಿವಿ ಅಲ್ವಾ? ಗುರುತು ಕತ್ತರಿಸಿದ್ಯಾರು?"

ಜುಂಜಣ್ಣ ಹುಬ್ಬು ಗಂಟಿಕ್ಕಿದ. "ನಾನು ಅಂತೀಯೇನಪ್ಪ?"

ಇಬ್ಬರೂ ಮುದುಕನ ಮುಖ ನೋಡಿದರು. ಹೇಳುವುದಾದರೆ ಈಗಲೇ ಹೇಳಬೇಕು, ಅಳಿಯನ ಎದುರಿಗೇ.

"ನಮ್ಮವಲ್ಲ," ಎಂದ ಕರಿಸಿದ್ದಪ್ಪ. "ಮೂರೂ ಹೊಡ್ಕಂಡ್ ನಡಿ, ಹೋಗಾಣ."

ದನಿ ಕೇಳಿದ್ದೇ ಮೋಟುಗಿವಿ ಅರಚುತ್ತಾ ಓಡಿಬಂದು ಅವನ ಅಂಗೈಗೆ ಮೂತಿ ಒತ್ತಿತು. ತಬ್ಬಲಿ ಮರಿಯಾಗಿದ್ದಾಗ ಕೈಯಾರೆ ಹಾಲು ಕುಡಿಸಿ ಸಾಕಿದ್ದ. ಅಳಿಯ ನೋಡುತ್ತಲೇ ಇದ್ದ.

ಕರಿಸಿದ್ದಪ್ಪ ಕೋಲೆತ್ತಿ ಅದನ್ನು ಹಿಂದಕ್ಕೆ ಅಟ್ಟಿದ.