ನಾಲ್ಕನೇ ಬಿಲ್ಲೆ

"ಮಠದ ಕಡೆಗೇ ಹೋಗೋಣ. ಬಿಲ್ಲೆ ಅಲ್ಲೇ ಇದೆಯಲ್ಲ," ಎನ್ನುತ್ತ ಡೆರಿಕ್ ಬೂಟಿನ ದಾರ ಬಿಗಿದ. ಅಂಗಳದಲ್ಲಿ ಕಣಿವೆಯ ರಕ್ಷಣಾ ತಂಡದ ಐವರು ಜೀಪು ಚಾಲೂ ಇಟ್ಟುಕೊಂಡು ಕಾಯುತ್ತಿದ್ದರು. ನವೆಂಬರಿನ ಮಧ್ಯಾಹ್ನ ಮೂರೂವರೆ. ಮಂಜು ಆಗಲೇ ಕುರಿಹೊಲದ ಕಲ್ಲುಗೋಡೆಯವರೆಗೆ ಇಳಿದಿತ್ತು. ಅವರ ವಸತಿಗೃಹದ ನಾಲ್ಕನೇ ಕೋಣೆಯ ಅತಿಥಿ ಪಾರ್ಗಿಟರ್ ಮೇಷ್ಟ್ರು ಎರಡಕ್ಕೇ ವಾಪಸ್ ಬರಬೇಕಿತ್ತು.

ಡೆರಿಕ್‌ನ ಹೆಂಡತಿ ನೋರೀನ್ ಬಾಗಿಲ ಪಕ್ಕದ ಹಲಗೆಯನ್ನೇ ನೋಡುತ್ತ ನಿಂತಳು. ಆ ಹಲಗೆ ಅವಳ ಹೆಮ್ಮೆ. ಸುತ್ತಲಿನ ನೋಡತಕ್ಕ ಜಾಗಗಳನ್ನೆಲ್ಲ, ಪಾಳು ಮಠ, ಜಲಪಾತ, ಗುಹೆ, ಚೀಸ್ ಮಾಡುವ ಮನೆ, ಬಿಳಿ ಬಣ್ಣದಲ್ಲಿ ಬರೆಸಿ ಒಂದೊಂದರ ಕೆಳಗೂ ಮೊಳೆ ಹೊಡೆಸಿದ್ದಳು. ಹೊರಟವರು ತಮ್ಮ ಕೋಣೆಯ ನಂಬರು ಬರೆದು ದಾರ ಕಟ್ಟಿದ ಬಿಲ್ಲೆಯನ್ನು ಹೋಗುವ ಜಾಗದ ಕೆಳಗೆ ಹಾಕಬೇಕು. ಬಂದವರು 'ಮನೆ' ಎಂಬ ಮೊಳೆಗೆ. ಅವರವರ ಬಿಲ್ಲೆ ಅವರವರೇ ಮುಟ್ಟಬೇಕು. ಇಪ್ಪತ್ತೆರಡು ವರ್ಷದಿಂದ ಈ ನೇಮ ಸಡಿಲವಾಗಿರಲಿಲ್ಲ.

ಬೆಳಿಗ್ಗೆ ಮೇಷ್ಟ್ರು, "ನೀವೇ ಹಾಕಿಬಿಡಿ ತಾಯಿ. ಪ್ರತಿ ವರ್ಷ ನಮ್ಮವಳೇ ಹಾಕ್ತಿದ್ದಳು," ಎಂದಿದ್ದರು. ಅವರ ಹೆಂಡತಿ ಸತ್ತು ಆರು ತಿಂಗಳಾಗಿತ್ತು. ನೋರೀನ್ ಟೋಸ್ಟಿನ ತಟ್ಟೆ ಎತ್ತಿಕೊಂಡು, "ನಿಮ್ಮ ಕೈಯೇನು ಬಿದ್ದುಹೋಗಿಲ್ಲವಲ್ಲ," ಎಂದು ಅಡುಗೆಮನೆಗೆ ನಡೆದಿದ್ದಳು. ಅವರು ಎಲ್ಲಿ ಹಾಕಿದರೋ ನೋಡಲಿಲ್ಲ.

ನಾಳೆ ವಸತಿಗೃಹಗಳಿಗೆ ದರ್ಜೆ ಕೊಡುವ ಅಧಿಕಾರಿ ಬರುವವನಿದ್ದ. ಅದಕ್ಕೇ ಹನ್ನೆರಡರ ಹೊತ್ತಿಗೆ ಹಲಗೆ ಒರೆಸಹೋಗಿದ್ದಳು. ಬಟ್ಟೆ ಸಿಕ್ಕಿಕೊಂಡು ಎರಡು ಬಿಲ್ಲೆಗಳು ಕಾಲೊರಸಿನ ಮೇಲೆ ಬಿದ್ದಿದ್ದವು, ಮೂರು ಮತ್ತು ನಾಲ್ಕು. ಮಠ, ಜಲಪಾತ, ಎರಡೂ ಮೊಳೆ ಖಾಲಿ. ವಯಸ್ಸಾದವರು ಸಪಾಟು ದಾರಿಯ ಮಠಕ್ಕೇ ಹೋಗಿರುತ್ತಾರೆಂದು ಅಂದಾಜಿನ ಮೇಲೆ ನಾಲ್ಕನ್ನು ಅಲ್ಲಿಗೆ, ಮೂರನ್ನು ಜಲಪಾತಕ್ಕೆ ತೂಗುಹಾಕಿದ್ದಳು. ಯಾರೂ ನೋಡಿರಲಿಲ್ಲ.

ಮಠ ಕಣಿವೆಯ ಕೆಳತುದಿಗೆ, ಜಲಪಾತ ಮೇಲ್ತುದಿಗೆ. ಕತ್ತಲಾಗಲು ಇನ್ನೊಂದು ಗಂಟೆಯೂ ಇಲ್ಲ.

ಅಂದಾಜು ಸರಿಯೇ ಇರಬಹುದಲ್ಲ? ಬಾಯಿ ಬಿಟ್ಟರೆ ಊರೆಲ್ಲ ಆಡಿಕೊಳ್ಳುತ್ತದೆ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸರಸರನೆ ಒಳಗೆ ಹೋದಳು. ಮೂರನೇ ಕೋಣೆಯ ಹೊಸ ಮದುಮಗಳು ಇಮೊಜೆನ್ ಒಲೆಯ ಮುಂದೆ ಕಾಲು ಕಾಯಿಸಿಕೊಳ್ಳುತ್ತಿದ್ದಳು.

"ಇವತ್ತು ನೀವಿಬ್ಬರೂ ಎಲ್ಲಿಗೆ ಹೋಗಿದ್ರಿ?"

"ಮಠಕ್ಕೆ," ಎಂದು ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು. "ವಾಪಸ್ ಬಂದಾಗ ನಮ್ಮ ಬಿಲ್ಲೆ ಜಲಪಾತದ ಕೆಳಗಿತ್ತು. ನಾವೇ ತಪ್ಪು ಹಾಕಿದ್ವೇನೋ, ನೀವು ಬೈತೀರಿ ಅಂತ ಸುಮ್ಮನೆ ತೆಗೆದು 'ಮನೆ'ಗೆ ಹಾಕಿದ್ವಿ."

"ಮೇಷ್ಟ್ರು ಸಿಕ್ಕಿದ್ರಾ ಅಲ್ಲಿ?"

"ಇಲ್ಲ. ಅಲ್ಲಿ ನಮ್ಮನ್ನ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ."

ನೋರೀನ್ ಮನೆಯ ಚಪ್ಪಲಿಯಲ್ಲೇ ಓಡಿದಳು. ಜೀಪು ಗೇಟು ದಾಟಿ ಕೆಳಕ್ಕೆ ತಿರುಗುತ್ತಿತ್ತು. ಅದರ ಮುಂದೆ ಹೋಗಿ ಎರಡೂ ಕೈ ಎತ್ತಿ ನಿಂತಳು.

"ತಲೆ ಕೆಟ್ಟಿದೆಯೇನೇ?" ಡೆರಿಕ್ ಕಿಟಕಿಯಿಂದ ಬಗ್ಗಿದ.

"ಜಲಪಾತಕ್ಕೆ ಹೋಗಿ. ಬಿಲ್ಲೆ ಬೀಳಿಸಿದ್ದು ನಾನು. ಗೊತ್ತಿಲ್ಲದೆ ಮಠದ ಕೆಳಗೆ ಹಾಕಿದ್ದೂ ನಾನೇ."

ಐವರೂ ಅವಳನ್ನೇ ನೋಡಿದರು. ಹಿಂದಿನ ಹುಡುಕಾಟಗಳಲ್ಲಿ ಬಿಲ್ಲೆ ಮುಟ್ಟಿ ಅವಳಿಂದ ಬೈಸಿಕೊಳ್ಳದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಡೆರಿಕ್ ಜೀಪನ್ನು ಮೇಲ್ತುದಿಯತ್ತ ತಿರುಗಿಸಿದ.

ಐದೂಕಾಲು ಗಂಟೆಯವರೆಗೆ ಅವಳು ಹಲಗೆಯ ಮುಂದೆಯೇ ಕುಳಿತಿದ್ದಳು. ಇಮೊಜೆನ್ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಒಮ್ಮೆ ಎದ್ದು ನಾಲ್ಕನೇ ಬಿಲ್ಲೆಯತ್ತ ಕೈ ಚಾಚಿ, ಮುಟ್ಟದೆ ಕುಳಿತಳು.

ಮೇಷ್ಟ್ರು ಕಂಬಳಿ ಹೊದ್ದು, ಡೆರಿಕ್‌ನ ಹೆಗಲು ಹಿಡಿದು ಕುಂಟುತ್ತ ಬಂದರು. ಜಲಪಾತದ ಕೆಳಗೆ, ಬಂಡೆಯ ಸಂದಿಯಲ್ಲಿ ಕಾಲು ಉಳುಕಿ ಕೂತಿದ್ದರಂತೆ. ಒಲೆಯ ಹತ್ತಿರ ಕರೆದೊಯ್ಯುತ್ತಿದ್ದರೆ ಅವರು ಹಲಗೆಯ ಮುಂದೆ ನಿಂತುಬಿಟ್ಟರು. ಜಲಪಾತದ ಮೊಳೆ ನೋಡಿದರು. ಖಾಲಿ.

"ಇಲ್ಲೇ ಹಾಕಿದ್ದೆನಲ್ಲ ತಾಯಿ," ಎಂದರು ಹೆದರಿದವರಂತೆ.

"ಹೌದು, ಇಲ್ಲೇ ಹಾಕಿದ್ರಿ. ತಪ್ಪು ನಂದು." ನೋರೀನ್ ಮಠದ ಕೆಳಗಿನಿಂದ ಬಿಲ್ಲೆ ತೆಗೆದಳು. "ನಾನೇ ಹಾಕ್ತೀನಿ."

"ಬೇಡ, ಕೊಡಿ. ಕೈಯೇನು ಬಿದ್ದುಹೋಗಿಲ್ಲ."

ಮರಗಟ್ಟಿದ ಬೆರಳುಗಳಲ್ಲಿ ದಾರ ನಿಲ್ಲಲಿಲ್ಲ. ಬಿಲ್ಲೆ ಎರಡು ಸಲ ಕೆಳಗೆ ಬಿತ್ತು; ಎರಡು ಸಲವೂ ನೋರೀನ್ ನೆಲಕ್ಕೆ ಬಗ್ಗಿ ಎತ್ತಿಕೊಟ್ಟಳು. ಮೂರನೆಯ ಸಲ ದಾರ 'ಮನೆ'ಯ ಮೊಳೆಗೆ ಸಿಕ್ಕಿತು. ಬಿಲ್ಲೆಯ ತೂಗಾಟ ನಿಲ್ಲುವವರೆಗೆ ಯಾರೂ ಕದಲಲಿಲ್ಲ.